ಮಾತ್ರೆ ಯಾರಿಗೋಸ್ಕರ?

ಮಗನಿಗಿರೋದು ಟುರೆಟ್ ಸಿಂಡ್ರೋಮ್ ಅಂತ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹೇಳಿದ್ದೇ ತಡ, ಮನೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ‘ಮಾತ್ರೆ ಯಾವಾಗ ಶುರು?’ ನಮ್ಮಮ್ಮನಿಗೆ ದೃಷ್ಟಿಯೂ ತೆಗೆಸಬೇಕು. ಕೋಲಾರಮ್ಮನ ಗುಡಿಗೆ ಹೋಗಿ ಬಂದೆವು. ಅದಕ್ಕೆ ನನ್ನ ತಕರಾರಿಲ್ಲ.

ಅವನಿಗೀಗ 9 ವರ್ಷ. ಮೊದಲು ಕಣ್ಣು ಮಿಟುಕಿಸುವುದು ಬಂತು, ಆಮೇಲೆ ಗಂಟಲಲ್ಲಿ ‘ಹುಂ, ಹುಂ’. ಈಚೆಗೆ ಕತ್ತು ಕೊಡವುವುದು. ಹೀಗೆ ತಾನಾಗೇ ಬರೋ ಚಲನೆ ಒಂದಕ್ಕಿಂತ ಹೆಚ್ಚಿದ್ದು, ಜೊತೆಗೆ ಒಂದಾದರೂ ಶಬ್ದ ಇದ್ದು, ಶುರುವಾಗಿ ವರ್ಷ ದಾಟಿದ್ದರೆ ಟುರೆಟ್ ಅಂತಾರೆ. ರಕ್ತ ಪರೀಕ್ಷೆಯಲ್ಲಿ ಇದು ಸಿಗೋದಿಲ್ಲ. ಟುರೆಟ್ ಅಂದ್ರೆ ಬಾಯಲ್ಲಿ ಬೈಗುಳ ಬರೋದು ಅಂದ್ಕೊಳ್ಳೋರಿದ್ದಾರೆ, ಆದರೆ ತಾನಾಗಿ ಬೈಗುಳ ಬರೋದು ಕೆಲವರಿಗೆ ಮಾತ್ರ.

‘ತಡ್ಕೋ ಅಂದ್ರೆ ತಡ್ಕೋತಾನಲ್ಲ, ಬೇಕೂಂತಲೇ ಮಾಡ್ತಾನೆ’ ಅಂದರು ಟ್ಯೂಷನ್ ಮೇಷ್ಟ್ರು. ಸ್ವಲ್ಪ ಹೊತ್ತು ತಡೀತಾನೆ, ನಿಜ. ‘ಸೀನು ಬಂದ ಹಾಗೆ ಅಪ್ಪ, ಎಷ್ಟೊತ್ತು ಹಿಡ್ಕೊಳ್ಳೋದು?’ ಅಂತಾನೆ. ಸ್ಕೂಲಲ್ಲಿ ಹಿಡಿದಿಟ್ಟಿದ್ದೆಲ್ಲ ಮನೆಯಲ್ಲಿ ಬ್ಯಾಗ್ ಇಟ್ಟ ತಕ್ಷಣ ಹೊರಗೆ ಬರುತ್ತೆ.

ಮಾತ್ರೆಗಳಿವೆ. ಕ್ಲೋನಿಡಿನ್ ತಗೊಂಡ್ರೆ ತೂಕಡಿಕೆ, ಬಿಪಿ ಇಳಿಯಬಹುದು, ತಟ್ಟನೆ ನಿಲ್ಲಿಸುವ ಹಾಗೂ ಇಲ್ಲ. ರಿಸ್ಪೆರಿಡೋನ್‌ನಿಂದ ತೂಕ ಏರಬಹುದು. ಯಾವುದೂ ಪೂರ್ತಿ ವಾಸಿ ಮಾಡೋದಿಲ್ಲ, ಕಡಿಮೆ ಮಾಡುತ್ತೆ ಅಷ್ಟೇ. ಸಾಮಾನ್ಯವಾಗಿ 10ರಿಂದ 12ನೇ ವಯಸ್ಸಿನಲ್ಲಿ ಇದು ಜಾಸ್ತಿ ಇರುತ್ತೆ, ಹರೆಯ ಮುಗಿಯೋ ಹೊತ್ತಿಗೆ ಎಷ್ಟೋ ಜನರಿಗೆ ಇಳಿಯುತ್ತೆ.

ಹಾಗಾದ್ರೆ ಮಾತ್ರೆ ಯಾರಿಗೋಸ್ಕರ? ಕಣ್ಣು ಮಿಟುಕಿಸೋದ್ರಿಂದ ಅವನಿಗೇನೂ ತೊಂದರೆಯಿಲ್ಲ. ‘ಹುಂ’ ಅಂದಾಗ ಮುಜುಗರ ಆಗೋದು ಮದುವೆ ಮನೆಯಲ್ಲಿ ಪಕ್ಕ ಕೂತ ನನಗೆ. ನಾನು ಲೆಕ್ಕ ಬರೆಯೋ ಟೊಮ್ಯಾಟೊ ಮಂಡಿಗೆ ರಜೆಯಲ್ಲಿ ಬರ್ತಾನೆ. ಹರಾಜು ಕೂಗುವವರ ಗಲಾಟೆಯಲ್ಲಿ ಅಲ್ಲಿ ಒಬ್ಬರೂ ತಿರುಗಿ ನೋಡಲ್ಲ! ಆದರೆ ಕತ್ತಿನ ಮಾತು ಬೇರೆ. ರಾತ್ರಿ ನೋವು ಅಂತ ಅಳ್ತಾನೆ. ಅದಕ್ಕೆ ಏನಾದರೂ ಮಾಡಲೇಬೇಕು.

ಸದ್ಯಕ್ಕೆ ಸಿಬಿಐಟಿ ಅನ್ನೋ, ಮಾತ್ರೆಯಿಲ್ಲದೆ ಇಂಥ ಚಲನೆ ಹಿಡಿತಕ್ಕೆ ತರೋದನ್ನ ಕಲಿಸೋ ತರಬೇತಿ ಹಿಡಿದಿದ್ದೇವೆ. ಕೊಡವಬೇಕು ಅನ್ನಿಸಿದ ಕೂಡಲೇ ಗದ್ದ ಸ್ವಲ್ಪ ಕೆಳಗೆ ಮಾಡಿ, ಕತ್ತನ್ನು ಮೆಲ್ಲಗೆ ಬಿಗಿ ಹಿಡೀಬೇಕು, ಆ ಒತ್ತಡ ಇಳಿಯೋವರೆಗೆ. 2010ರಲ್ಲಿ ಪ್ರಕಟವಾದ, 126 ಮಕ್ಕಳಿದ್ದ ಅಮೆರಿಕದ ಅಧ್ಯಯನವೊಂದರಲ್ಲಿ ಈ ತರಬೇತಿ ಪಡೆದವರ ಪೈಕಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಚೆನ್ನಾಗಿ ಸುಧಾರಿಸಿದ್ದರು. ಉಳಿದ ಅರ್ಧದಲ್ಲಿ ನಮ್ಮವನೂ ಇರಬಹುದು, ಅಲ್ವಾ? ಹೆಂಡತಿಯ ಚಿಂತೆ ಅದೇ. ಕತ್ತು ನೋವು ಇಳಿಯದಿದ್ದರೆ ಡಾಕ್ಟರ ಹತ್ತಿರ ಕ್ಲೋನಿಡಿನ್ ಬಗ್ಗೆ ಮತ್ತೆ ಮಾತಾಡೋದು ಅಂತ ಇಬ್ಬರೂ ಒಪ್ಪಿದ್ದೇವೆ.

ಮಗನದ್ದೂ ಒಂದು ಷರತ್ತಿದೆ: ದಿನಕ್ಕೆ ಎಷ್ಟು ಸಲ ಬಂತು ಅಂತ ಮನೆಯಲ್ಲಿ ಯಾರೂ ಎಣಿಸಬಾರದು. ‘ಅಜ್ಜಿಗೂ ಹೇಳಪ್ಪ’ ಅಂದಿದ್ದಾನೆ.