ಅದಿರಿನಿಂದ ಕಬ್ಬಿಣ ತೆಗೆಯುವ ಪ್ರಯೋಗ: ತುಮಕೂರು ಸೀಮೆಯಲ್ಲಿ ಒಂದು ವರ್ಷದ ಕೆಲಸ

ಹಳೆಯ ಕಾಲದ ಕೆಲಸವನ್ನು ಹಾಗೆಯೇ ಮಾಡಿ ನೋಡಿ ತಿಳಿಯುವ ಪ್ರಾಯೋಗಿಕ ಪುರಾತತ್ವದಲ್ಲಿ ಕುಲುಮೆ ಉರಿಯುವುದು ಬೆಳಗಿನಿಂದ ಸಂಜೆಯವರೆಗೆ ಅಷ್ಟೇ. ಅದರ ಹಿಂದುಮುಂದಿನ ಕೆಲಸಕ್ಕೆ ಇಡೀ ವರ್ಷ ಹಿಡಿಯುತ್ತದೆ. 2001ರಲ್ಲಿ ಯುರೋಪಿನಲ್ಲಿ ಶುರುವಾದ, ಇಂಥ ಪ್ರಯೋಗ ಮಾಡುವವರ ಎಕ್ಸಾರ್ಕ್ ಸಂಘದ ವರ್ಷವೂ ಸದಸ್ಯರ ಸಭೆ, ಸಮ್ಮೇಳನ, ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆ ಎಂದು ಸಾಗುತ್ತದೆ. ಇವೆಲ್ಲಕ್ಕೂ ಬೇಕಾಗುವುದು ದೂರದ ಇನ್ನೊಬ್ಬರು ಓದಿ, ಅದೇ ಕೆಲಸವನ್ನು ಮತ್ತೆ ಮಾಡಿ ನೋಡುವಂಥ ದಾಖಲೆ. ಬೆಂಕಿಯ ಫೋಟೊ ಎಷ್ಟು ಚೆನ್ನಾಗಿದ್ದರೂ ಆ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಸೀಮೆಗೆ ಕಬ್ಬಿಣದ ಪ್ರಯೋಗ ಹೊಂದುವುದಕ್ಕೆ ಕಾರಣವಿದೆ. 1800ರ ಪ್ರವಾಸದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗದ ಕಡೆಯ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಅಲ್ಲಿ ಅದಿರೆಂದರೆ ಮಳೆನೀರು ಬೆಟ್ಟದಿಂದ ಕೊಚ್ಚಿ ತರುವ ಕರಿಮರಳು. ಹಾಗಾಗಿ ವರ್ಷದ ಲೆಕ್ಕ ಮಳೆಯಿಂದಲೇ ಶುರು. ಸೆಪ್ಟೆಂಬರ್–ಅಕ್ಟೋಬರ್ ಮಳೆ ನಿಂತ ಮೇಲೆ ತೊರೆಗಳ ತಿರುವಿನಲ್ಲಿ ಕಪ್ಪಗೆ ಗೆರೆ ಎಳೆದಂತೆ ಕೂತಿರುವ ಮರಳನ್ನು ಜಮೀನಿನವರನ್ನು ಕೇಳಿ ಬಾಚಿಕೊಳ್ಳಬೇಕು. ಬಾಂಡ್ಲಿಯಲ್ಲಿ ನೀರು ಹಾಕಿ ಅಕ್ಕಿ ಜಾಲಿಸಿದ ಹಾಗೆ ಜಾಲಿಸಿದರೆ ಹಗುರ ಮರಳು ಹರಿದುಹೋಗುತ್ತದೆ. ಉಳಿದದ್ದರಲ್ಲಿ ಅಯಸ್ಕಾಂತಕ್ಕೆ ಎಷ್ಟು ಅಂಟುತ್ತದೆ ಎಂದು ತೂಗಿ ಬರೆದಿಡಬೇಕು.

ಇಲ್ಲೇ ಹೊಸಬರು ಎಡವುವುದು. ಅದಿರು ಶುದ್ಧವಾದಷ್ಟೂ ಒಳ್ಳೆಯದು ಎಂದುಕೊಂಡು ಪೂರ್ತಿ ಜಾಲಿಸಿಬಿಡುತ್ತಾರೆ. ಕರಿಮರಳಿನಲ್ಲಿರುವ ಅದಿರಾದ ಮ್ಯಾಗ್ನೆಟೈಟ್ ಅಪ್ಪಟವಾಗಿದ್ದರೆ ಅದರ ತೂಕದಲ್ಲಿ ಶೇ 72ರಷ್ಟು ಕಬ್ಬಿಣವಿದೆ, ನಿಜ. ಆದರೆ ಕಿಟ್ಟ, ಅಂದರೆ ಅದಿರಿನಿಂದ ಬೇರ್ಪಟ್ಟು ಕರಗಿ ಹರಿಯುವ ಕಸ, ಆಗಲು ಬಿಳಿಮರಳಿನಲ್ಲಿರುವ ಸಿಲಿಕಾ ಬೇಕು, ಮತ್ತು ಕುಲುಮೆಯ ತಳದಲ್ಲಿ ಕಬ್ಬಿಣದ ಮುದ್ದೆ ಬೆಳೆಯುವುದು ಆ ಕಿಟ್ಟದ ಒಳಗೇ. ಕಿಟ್ಟ ಸಾಲದೆ ಹೋದರೆ ಊದುಕೊಳವೆಯ ಗಾಳಿ ನೇರ ಮುದ್ದೆಗೆ ಬಡಿದು, ಆಗಿದ್ದ ಕಬ್ಬಿಣವೂ ಉರಿದುಹೋಗುತ್ತದೆ. ಸ್ವಲ್ಪ ಬಿಳಿಮರಳು ಉಳಿಸುವುದೇ ವಾಸಿ. ಹಾಗೆಂದು ಕಿಟ್ಟ ಪುಕ್ಕಟೆ ಬರುವುದಿಲ್ಲ: ಅದರ ಮುಖ್ಯ ಭಾಗವಾದ, ಕಬ್ಬಿಣ ಮತ್ತು ಸಿಲಿಕಾ ಕೂಡಿದ ಫಯಾಲೈಟ್‌ನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕಬ್ಬಿಣವೇ.

ಕುಲುಮೆ ಕಟ್ಟುವುದು ಡಿಸೆಂಬರ್–ಜನವರಿಯಲ್ಲಿ. ಮೂರು ಪಾಲು ಕೆರೆಯ ಜೇಡಿಮಣ್ಣಿಗೆ ಒಂದು ಪಾಲು ಮರಳು, ಜೊತೆಗೆ ಸಣ್ಣಗೆ ಕತ್ತರಿಸಿದ ರಾಗಿ ಹುಲ್ಲು ಅಥವಾ ಭತ್ತದ ಹೊಟ್ಟು. ಒಳವ್ಯಾಸ 30 ಸೆಂ.ಮೀ., ಗೋಡೆ 15–20 ಸೆಂ.ಮೀ. ದಪ್ಪ, ಎತ್ತರ ಸುಮಾರು ಒಂದು ಮೀಟರ್. ಒಂದೇ ದಿನ ಪೂರ್ತಿ ಎತ್ತರಿಸಿದರೆ ಬುಡ ಹೊಟ್ಟೆ ಬಿಡುತ್ತದೆ. ದಿನಕ್ಕೊಂದು ಗೇಣು ಸಾಕು. ಊದುಕೊಳವೆ ತಳದಿಂದ 15–20 ಸೆಂ.ಮೀ. ಮೇಲೆ, ಒಳಬಾಯಿ ಕೆಳಮುಖವಾಗಿ 20 ಡಿಗ್ರಿಯಷ್ಟು ಬಾಗಿರಬೇಕು, ರಂಧ್ರ 2.5 ಸೆಂ.ಮೀ. ಹೊರಗೆ ಒಣಗಿದಂತೆ ಕಂಡರೂ ಗೋಡೆಯ ಒಳಗೆ ವಾರಗಟ್ಟಲೆ ತೇವ ನಿಲ್ಲುತ್ತದೆ. ಅವಸರದಲ್ಲಿ ಜೋರು ಬೆಂಕಿ ಕೊಟ್ಟರೆ ಆವಿ ಒತ್ತಿ ಒಳಗಿನ ಪದರ ಚಕ್ಕೆಯಾಗಿ ಉದುರುತ್ತದೆ.

ಇದ್ದಿಲಿಗೆ ಪಾವಗಡ, ಗೌರಿಬಿದನೂರು ಕಡೆಯ ಬಳ್ಳಾರಿ ಜಾಲಿ ಸಾಕು. 1ರಿಂದ 4 ಸೆಂ.ಮೀ. ಗಾತ್ರಕ್ಕೆ ಒಡೆದು ಜರಡಿ ಹಿಡಿಯಿರಿ. ಪುಡಿ ಒಳಗೆ ಹೋದರೆ ಗಾಳಿಗೆ ದಾರಿ ಇರುವುದಿಲ್ಲ. ಕೆಟ್ಟುಹೋದ ಪ್ರಯೋಗಗಳಲ್ಲಿ ಎಷ್ಟೋ ಜರಡಿ ಹಿಡಿಯದ ಸೋಮಾರಿತನದಿಂದಲೇ ಕೆಟ್ಟಿರುತ್ತವೆ, ಬೈಗುಳ ಮಾತ್ರ ಅದಿರಿಗೆ.

ಉರಿಸುವ ದಿನ ಮೊದಲು ಒಂದೂವರೆ ಗಂಟೆ ಸೌದೆಯಿಂದ ಕಾಯಿಸಿ, ಆಮೇಲೆ ಬಾಯಿಮಟ್ಟ ಇದ್ದಿಲು ತುಂಬಬೇಕು. ಈ ಅಳತೆಯ ಕುಲುಮೆಗೆ ನಿಮಿಷಕ್ಕೆ 800–1000 ಲೀಟರ್ ಗಾಳಿ ಬೇಕು, ಆಗ ಒಂದು ಕಿಲೋ ಇದ್ದಿಲು 6–8 ನಿಮಿಷಕ್ಕೆ ಇಳಿಯುತ್ತದೆ. ಹತ್ತು ನಿಮಿಷ ದಾಟಿದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ಪ್ರತಿ ಸಲ ಒಂದು ಕಿಲೋ ಇದ್ದಿಲಿಗೆ ಒಂದು ಕಿಲೋ ಅದಿರು. ಮೊದಲ ಕೆಲವು ಸಲ ಅರ್ಧ ಕಿಲೋ ಮಾತ್ರ. ಕರಿಮರಳನ್ನು ಒಣದಾಗಿ ಸುರಿದರೆ ಇದ್ದಿಲ ಸಂದಿಯಲ್ಲಿ ಜಾರಿ ನೇರ ತಳಕ್ಕೆ ಹೋಗುತ್ತದೆ. ಒದ್ದೆ ಮಾಡಿ ಇದ್ದಿಲಿಗೆ ಅಂಟುವಂತೆ ಚಿಮುಕಿಸಿ. ಮೇಲಿನ ಬಾಯಲ್ಲಿ ಹೊರಡುವ ಅನಿಲಕ್ಕೆ ಸದಾ ಬೆಂಕಿ ತಾಗಿರಲಿ; ಅದರಲ್ಲಿರುವುದು ಕಾರ್ಬನ್ ಮಾನಾಕ್ಸೈಡ್. ಸುತ್ತ ಗೋಡೆಯಿರುವ ಶೆಡ್ಡಿನಲ್ಲಿ ಈ ಕೆಲಸ ಬೇಡವೇ ಬೇಡ.

ಕಿಟ್ಟ ಹರಿಯಲು ಸುಮಾರು 1200 ಡಿಗ್ರಿ ಸೆಲ್ಸಿಯಸ್ ಬೇಕು. ಕಬ್ಬಿಣ ಕರಗುವುದು 1538ಕ್ಕೆ, ಅಲ್ಲಿಗೆ ಹೋಗುವ ಅಗತ್ಯವಿಲ್ಲ. ಇದ್ದಿಲು ಹೆಚ್ಚಾಗಿ ಅದಿರು ಕಡಿಮೆಯಾದರೆ ಕಬ್ಬಿಣ ಇಂಗಾಲ ಹೀರಿಕೊಂಡು ಬೀಡಾಗುತ್ತದೆ, ಸುತ್ತಿಗೆ ಬಿದ್ದೊಡನೆ ಒಡೆಯುತ್ತದೆ. ಶಾಖ ಅಳೆಯುವ ಕೆ ಟೈಪ್ ಥರ್ಮೋಕಪಲ್ ತಂತಿಯನ್ನು ಊದುಕೊಳವೆಯ ಎದುರಿಗೆ ಇಟ್ಟರೆ ಸತ್ತೇಹೋಗುತ್ತದೆ, 30 ಸೆಂ.ಮೀ. ಮೇಲೆ ಇಡಿ, ಕೆಳಗಿನದನ್ನು ಬಣ್ಣ ನೋಡಿ ಬರೆಯಿರಿ. 20 ಕಿಲೋ ಅದಿರಿಗೆ 3–5 ಕಿಲೋ ಮುದ್ದೆ ಬಂದರೆ ಸಮಾಧಾನ ಪಡಬಹುದು. ಕೆಂಪು ಆರುವ ಮುಂಚೆ ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಕೂಡಿಸಬೇಕು, ಕಬ್ಬಿಣದ ಸುತ್ತಿಗೆ ಆಮೇಲೆ.

ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸುವುದು ಹೇಳಲು ಸುಲಭ. ಕೈಯಿಂದ ಒತ್ತುವ ತಿದಿಗೂ ವಿದ್ಯುತ್ ಬ್ಲೋವರ್‌ಗೂ ಹೋಲಿಕೆ ಮಾಡುವಾಗ ಇದ್ದಿಲ ಗಾತ್ರವೂ ಬದಲಾಗಿದ್ದರೆ ಆ ದಿನದ ಅಂಕಿ ವ್ಯರ್ಥ. ಒಳಗೆ ಹೋದದ್ದು, ಹೊರಗೆ ಬಂದ ಮುದ್ದೆ, ಕಿಟ್ಟ, ಕರಗಿಹೋದ ಗೋಡೆ, ನೆಲಕ್ಕೆ ಉದುರಿದ ಚೂರು ಎಲ್ಲವನ್ನೂ ತೂಗಬೇಕು. ಈ ತೂಗಾಟಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ; ಆದ್ದರಿಂದಲೇ ಅದಕ್ಕೆ ಬೇರೆ ಒಬ್ಬರನ್ನು ನೇಮಿಸಿ, ತಿದಿ ಒತ್ತುವವರ ಕೈಗೆ ಪುಸ್ತಕ ಕೊಡಬೇಡಿ.

ಆಮೇಲೆ ಕುಲುಮೆಯನ್ನು ಕೆಡವದೆ ಮಳೆಗೆ ಬಿಡುವುದು. ಇಂಗ್ಲೆಂಡಿನ ಓವರ್ಟನ್ ಡೌನ್‌ನಲ್ಲಿ 1960ರಲ್ಲಿ ಒಂದು ಮಣ್ಣಿನ ದಿಬ್ಬ ಕಟ್ಟಿ 1, 2, 4, 8, 16, 32, 64, 128 ವರ್ಷಗಳಿಗೆ ಕೊಯ್ದು ನೋಡುವ ಯೋಜನೆ ಹಾಕಿದರು. ಅಷ್ಟು ದೂರ ಹೋಗದಿದ್ದರೂ, ಒಂದು ಮಳೆಗಾಲ ಕಳೆದ ಮೇಲೆ ಅರ್ಧ ಕುಲುಮೆ ಕೊಯ್ದರೆ ಹಳೆಯ ಕಿಟ್ಟದ ದಿಬ್ಬಗಳಲ್ಲಿ ಗೋಡೆ ಯಾಕೆ ಸಿಗುವುದಿಲ್ಲ, ಬುಡ ಮಾತ್ರ ಯಾಕೆ ಉಳಿಯುತ್ತದೆ ಎಂದು ತಿಳಿಯುತ್ತದೆ. ಸರಿಯಾಗಿ ಬೇಯದ ಮೇಲ್ಭಾಗ ಮತ್ತೆ ಮಣ್ಣಾಗಿ ಕರಗಿರುತ್ತದೆ.

ನಿಜವಾದ ಹಳೆಯ ಕಿಟ್ಟದ ದಿಬ್ಬದ ಹತ್ತಿರ ಮಾತ್ರ ಪ್ರಯೋಗ ಮಾಡಬಾರದು. ನಮ್ಮ ಕಿಟ್ಟ ಅಲ್ಲಿ ಬೆರೆತರೆ ಮುಂದೆ ಅಗೆಯುವವರಿಗೆ ಬೇರ್ಪಡಿಸಲು ಆಗುವುದಿಲ್ಲ. ದೂರದ ಜಾಗದಲ್ಲೂ, ಇದು ಹೊಸದೆಂದು ಅವರಿಗೆ ತಿಳಿಯಲಿ ಎಂದು, ತಳಪಾಯದ ಕೆಳಗೆ ಆ ವರ್ಷ ಟಂಕಿಸಿದ ಒಂದು ರೂಪಾಯಿ ನಾಣ್ಯ ಹಾಕಿಯೇ ಕಟ್ಟುವುದು ರೂಢಿ. ಉಳಿದ ಕಿಟ್ಟ ದಿನಾಂಕದ ಚೀಟಿಯೊಂದಿಗೆ ಡಬ್ಬಕ್ಕೆ, ಚೀಟಿ ಬರೆಯುವುದು ಪೆನ್ಸಿಲ್ಲಿನಲ್ಲಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ.