ಕಥೆ ಮುಗಿಸಿ ಹೋಗುವುದೋ, ನಡುವೆಯೇ ಹೋಗುವುದೋ

ಧಾರವಾಡ, 27 ಜುಲೈ 2025, ಭಾನುವಾರ

ನಾಡಿದ್ದು ಪಂಚಮಿ. ಅವ್ವ ಬೆಳಿಗ್ಗೆಯಿಂದ ಉಂಡಿ ಕಟ್ಟುತ್ತ ಕೂತಿದ್ದಾಳೆ. ಶೇಂಗಾದವು ಆದವು, ಎಳ್ಳಿನವು ಆಗಬೇಕು. ಹೊರಗೆ ಜಿಟಿಜಿಟಿ ಮಳೆ. ಗದಗಿನ ಕಾಕಾನ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಚಿಗರಿ ಬಸ್ ಹಿಡಿದು ಬಂದವನು ಉಂಡಿ ಡಬ್ಬಿ ಕಡೆ ನೋಡಲೂ ಇಲ್ಲ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ನನ್ನ ಮುಂದಿಟ್ಟ.

“ಅಕ್ಕಾ, ಈ ಕಪ್ಪಿ ಸಾಯವಲ್ದು ನೋಡು.”

ಈ ಸಲದ ಸ್ಟೀಮ್ ಸೇಲ್‌ನಲ್ಲಿ ಅವನು ‘ದಿ ವಿಚರ್ 3’ ಎಂಬ ಕಂಪ್ಯೂಟರ್ ಆಟ ಕೊಂಡಿದ್ದಾನೆ. ಎರಡೂ ಎಕ್ಸ್‌ಪಾನ್ಷನ್ (ಆಟಕ್ಕೆ ಆಮೇಲೆ ಸೇರಿಸಿದ ಹೊಸ ಕಥೆ) ಜೊತೆಗೇ ಬಂದಿವೆ. ಜರ್ನಲ್‌ನಲ್ಲಿ , ಅಂದರೆ ಆಟದೊಳಗಿನ ಕೆಲಸಗಳ ಪಟ್ಟಿಯಲ್ಲಿ, ಹೊಸ ಕ್ವೆಸ್ಟ್ (ಕೆಲಸ) ಕಂಡಿದೆ, ಹೋಗಿಬಿಟ್ಟಿದ್ದಾನೆ. ಅದು ಮೊದಲ ಎಕ್ಸ್‌ಪಾನ್ಷನ್ ‘ಹಾರ್ಟ್ಸ್ ಆಫ್ ಸ್ಟೋನ್’ನ ಮೊದಲ ಕ್ವೆಸ್ಟ್. ಆಕ್ಸೆನ್‌ಫರ್ಟ್ ಊರಿನ ಕೆಳಗಿನ ಗಟಾರದಲ್ಲಿ ಒಂದು ದೊಡ್ಡ ಕಪ್ಪೆ. ಆಟದ ನಾಯಕ ಗೆರಾಲ್ಟ್ ಇವನ ಕೈಯಲ್ಲಿ ಇನ್ನೂ 15ನೇ ಲೆವೆಲ್. ಕ್ವೆಸ್ಟ್ ಕೇಳುವುದು 32. ಕಪ್ಪೆಯ ಹೆಸರಿನ ಪಕ್ಕದಲ್ಲಿ ಕೆಂಪು ತಲೆಬುರುಡೆ. ಕಪ್ಪೆ ನಾಲಿಗೆ ಚಾಚಿತು, ಗೆರಾಲ್ಟ್ ಬಿದ್ದ. ಮತ್ತೆ ಲೋಡ್ ಮಾಡಿದ, ಈ ಸಲ ಕಪ್ಪೆ ಹಾರಿ ಮೈಮೇಲೆ ಬಿತ್ತು. ಇವನ ಕತ್ತಿ ಎಷ್ಟು ಬೀಸಿದರೂ ಕಪ್ಪೆಯ ಕೆಂಪು ಪಟ್ಟಿ ಕೂದಲೆಳೆಯಷ್ಟು ಸರಿಯುತ್ತಿತ್ತು.

ಹಿಂದಿನ ಸೇವ್‌ಗೆ ಹೋಗು, ಇದನ್ನು ಆಮೇಲೆ ಮಾಡಿದರಾಯಿತು ಎಂದೆ. ಆಗ ಅವನು ಕೇಳಿದ್ದು ಸರಿಯಾದ ಪ್ರಶ್ನೆ: “ಹಂಗಾದ್ರ 32 ಆದ ಕೂಡ್ಲೇ ಹೋಗ್ಲೇನು?”

ಬೇಡ ಅಂದೆ. ಯಾಕೆ ಬೇಡ ಅಂತ ವಿವರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ, ಇದೇ ಪ್ರಶ್ನೆ ಇಟ್ಟುಕೊಂಡವರು ಬಹಳ ಜನ ಇದ್ದಾರೆ.

32 ಅನ್ನುವ ಸಂಖ್ಯೆ ಗೆರಾಲ್ಟ್‌ನ ಕತ್ತಿಗೆ ಸಂಬಂಧಪಟ್ಟದ್ದು. ಅವನ ಮನಸ್ಸು ಆಗ ಎಲ್ಲಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ವಿಚರ್ 3ರ ಮುಖ್ಯ ಕಥೆ ಏನು? ಮಗಳಂತೆ ಸಾಕಿದ ಸಿರಿಯನ್ನು ಒಬ್ಬ ತಂದೆ ಹುಡುಕುತ್ತಿದ್ದಾನೆ. ಅವಳ ಬೆನ್ನಿಗೆ ವೈಲ್ಡ್ ಹಂಟ್ ಎಂಬ ಸವಾರರ ದಂಡು ಬಿದ್ದಿದೆ. ‘ಹಾರ್ಟ್ಸ್ ಆಫ್ ಸ್ಟೋನ್’ನಲ್ಲಿ ಒಂದು ಮದುವೆ ಇದೆ. ಇಡೀ ಆಟದಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದು. ಸತ್ತುಹೋದ ಒಬ್ಬ ಮೋಜುಗಾರನ ಆತ್ಮ ಗೆರಾಲ್ಟ್‌ನ ಮೈಯೊಳಗೆ ಹೊಕ್ಕಿರುತ್ತದೆ. ಯಾವಾಗಲೂ ಮುಖ ಗಂಟಿಕ್ಕಿಕೊಂಡಿರುವ ಮನುಷ್ಯ ಅವತ್ತು ರಾತ್ರಿಯೆಲ್ಲ ಕುಣಿಯುತ್ತಾನೆ, ಹಂದಿ ಅಟ್ಟಿಸಿಕೊಂಡು ಓಡುತ್ತಾನೆ, ಕಂಡಕಂಡ ಹೆಂಗಸರ ಜೊತೆ ಚೆಲ್ಲಾಟವಾಡುತ್ತಾನೆ. ಪಕ್ಕದಲ್ಲಿ ಡಾಕ್ಟರ್ ಶಾನಿ ನಗುತ್ತ ನಿಂತಿರುತ್ತಾಳೆ. ನೋಡುತ್ತ ನೋಡುತ್ತ ನಮ್ಮ ಮನಸ್ಸೂ ಹಗುರಾಗುತ್ತದೆ. ಆದರೆ ಮಗಳು ಎಲ್ಲಿದ್ದಾಳೆ, ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ ಅನ್ನುವ ಹೊತ್ತಿನಲ್ಲಿ ಈ ಮದುವೆಗೆ ಹೋದರೆ ಹೇಗಿರುತ್ತದೆ? ನಗುವುದಕ್ಕೂ ಮನಸ್ಸು ಬರುವುದಿಲ್ಲ. ಮದುವೆಯೂ ಕೆಟ್ಟಿತು, ಹುಡುಕಾಟವೂ ಕೆಟ್ಟಿತು.

“ಅಲ್ಲಕ್ಕಾ, ಅಂವಾ ದಾರ್ಯಾಗ ನಿಂತು ಗ್ವೆಂಟ್ ಇಸ್ಪೀಟು ಆಡ್ತಾನಲ್ಲ, ಅದು ನಡೀತದ?” ಅಂದ.

ಅವನ ಮಾತಲ್ಲೂ ಹುರುಳಿದೆ. ಓಪನ್ ವರ್ಲ್ಡ್ ಆಟಗಳೆಲ್ಲ ಹಾಗೇ ಅಲ್ವಾ, ಊರು ಹೊತ್ತಿ ಉರಿಯುತ್ತಿದ್ದರೂ ನಾವು ಹೂವು ಕೀಳುತ್ತ ನಿಂತಿರುತ್ತೇವೆ. ಆದರೆ ಒಂದು ಸೈಡ್ ಕ್ವೆಸ್ಟ್ ಅರ್ಧ ತಾಸಿನದು. ಹುಡುಕಾಟದ ದಾರಿಯಲ್ಲೇ ಅದು ಬರುತ್ತದೆ, ಹೊಟ್ಟೆಪಾಡಿಗೆ ಗೆರಾಲ್ಟ್ ದೆವ್ವ ಹೊಡೆಯಲೇಬೇಕು. ಎಕ್ಸ್‌ಪಾನ್ಷನ್ ಹಾಗಲ್ಲ. ಅದಕ್ಕೆ ತನ್ನದೇ ಶುರು ಇದೆ, ತನ್ನದೇ ವಿಲನ್ ಇದ್ದಾನೆ, ತನ್ನದೇ ಮುಗಿತಾಯ ಇದೆ. ‘ಹಾರ್ಟ್ಸ್ ಆಫ್ ಸ್ಟೋನ್’ ಹತ್ತು ತಾಸಿನದು, ಎರಡನೆಯದಾದ ‘ಬ್ಲಡ್ ಆಂಡ್ ವೈನ್’ ಇಪ್ಪತ್ತು ತಾಸಿನದು ಎಂದು ಮಾಡಿದವರೇ ಹೇಳಿದ್ದರು. ನನ್ನಂತೆ ನಿಧಾನಕ್ಕೆ ಆಡುವವರಿಗೆ ಇನ್ನೂ ಜಾಸ್ತಿ. ಅಷ್ಟು ಹೊತ್ತು ಬೇರೆ ಕಥೆಯೊಳಗೆ ಇದ್ದು ಹೊರಗೆ ಬಂದರೆ, ಸಿರಿಯ ಸುದ್ದಿ ಎಲ್ಲಿಗೆ ನಿಂತಿತ್ತು ಅನ್ನುವುದೇ ಮರೆತಿರುತ್ತದೆ.

ಲೆಕ್ಕದ ತೊಂದರೆಯೂ ಒಂದಿದೆ. ಈ ಆಟದಲ್ಲಿ ಕ್ವೆಸ್ಟ್‌ನ ಲೆವೆಲ್‌ಗಿಂತ ನಾವು ಆರು ಲೆವೆಲ್ ಮೇಲೆ ಹೋದರೆ ಅದರಿಂದ ಸಿಗುವ ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ತೀರಾ ಕಡಿಮೆಯಾಗುತ್ತದೆ. ಎಕ್ಸ್‌ಪಾನ್ಷನ್ ಮುಗಿಸಿ ವಾಪಸ್ ಮುಖ್ಯ ಕಥೆಗೆ ಬಂದರೆ ಅರ್ಧ ಜರ್ನಲ್ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಭಯ ಹುಟ್ಟಿಸಬೇಕಾದ ವೈರಿಗಳು ನಾಲ್ಕು ಏಟಿಗೆ ಮಲಗುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ವೈರಿಗಳ ಲೆವೆಲ್ ನಮ್ಮ ಸಮಕ್ಕೆ ಏರಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಬಹುದು. ಕಾದಾಟ ಅದರಿಂದ ಸರಿಹೋಗುತ್ತದೆ, ಕಥೆ ಸರಿಹೋಗುವುದಿಲ್ಲ.

ಹಾಗಾಗಿ ನಾನು ಹೇಳಿದ ಕ್ರಮ ಇದು. ಮುಖ್ಯ ಕಥೆಯಲ್ಲಿ ಬರುವ ‘ಐಲ್ ಆಫ್ ಮಿಸ್ಟ್ಸ್’ ದ್ವೀಪಕ್ಕೆ ಹೋಗುವ ಮುಂಚೆ ಗೆಳೆಯರಿಗೆ ಸಂಬಂಧಪಟ್ಟ ಸೈಡ್ ಕ್ವೆಸ್ಟ್‌ಗಳನ್ನೆಲ್ಲ ಮುಗಿಸು. ಕೆಲವು ಅದಾದ ಮೇಲೆ ಮುಚ್ಚಿಹೋಗುತ್ತವೆ. ಆಮೇಲೆ ಎಲ್ಲೂ ನಿಲ್ಲದೆ ಕೊನೆಯವರೆಗೆ ಹೋಗು. ಕ್ರೆಡಿಟ್ಸ್ ಮುಗಿದ ಮೇಲೆ ಆಟ ಗೆರಾಲ್ಟ್‌ನನ್ನು ಮತ್ತೆ ಲೋಕದಲ್ಲಿ ಬಿಡುತ್ತದೆ. ಯಾರನ್ನೂ ಹುಡುಕಬೇಕಾಗಿಲ್ಲ, ಎಲ್ಲಿಗೂ ಓಡಿಹೋಗಿ ಮುಟ್ಟಬೇಕಾಗಿಲ್ಲ. ಗಟಾರದ ಕಪ್ಪೆಯನ್ನು ಹೊಡೆಯಲು, ಮದುವೆಯಲ್ಲಿ ಕುಣಿಯಲು ಅದೇ ಸರಿಯಾದ ಹೊತ್ತು.

ಕಥೆ ಮುಗಿಸಿ ಹೋದರೆ ಇನ್ನೊಂದು ಸುಖವಿದೆ. ಆಟದ ಶುರುವಿನಲ್ಲೇ, ವೈಟ್ ಆರ್ಚರ್ಡ್ ಹಳ್ಳಿಯ ಹೆಂಡದಂಗಡಿಯಲ್ಲಿ ಬೋಳುತಲೆಯವನೊಬ್ಬ ಗೆರಾಲ್ಟ್‌ನನ್ನು ಮಾತನಾಡಿಸುತ್ತಾನೆ. ಹಿಂದೆ ಕನ್ನಡಿ ಮಾರುತ್ತಿದ್ದೆ ಅನ್ನುತ್ತಾನೆ, ಗೆರಾಲ್ಟ್‌ನ ಪ್ರೇಯಸಿ ಯೆನ್ನಿಫರ್‌ಳನ್ನು ಹುಡುಕಲು ದಾರಿ ಹೇಳುತ್ತಾನೆ, ಹೋಗುತ್ತಾನೆ. ನಾವು ಅವನನ್ನು ಮರೆತೇಬಿಡುತ್ತೇವೆ. ಅಷ್ಟು ದೂರ ಬಂದ ಮೇಲೆ, ಎಲ್ಲ ಮುಗಿಯಿತು ಅಂದುಕೊಂಡಾಗ, ‘ಹಾರ್ಟ್ಸ್ ಆಫ್ ಸ್ಟೋನ್’ನಲ್ಲಿ ಅವನು ಮತ್ತೆ ಎದುರಿಗೆ ಬರುತ್ತಾನೆ. ನಡುವೆ ಒಂದು ಇಡೀ ಕಥೆ ಕಳೆದಿದ್ದರೆ ಮಾತ್ರ ಆ ಭೇಟಿಗೆ ಬೆಲೆ. 15ನೇ ಲೆವೆಲ್‌ನಲ್ಲೇ ಅವನನ್ನು ನೋಡಿದರೆ, ಮೊನ್ನೆ ಸಿಕ್ಕಿದ್ದನಲ್ಲ ಅನಿಸುತ್ತದೆ ಅಷ್ಟೆ.

ಇದರ ಬಗ್ಗೆ ಮಾತಾಡುವಾಗ ತಾರೀಖುಗಳನ್ನು ಮರೆಯಬಾರದು. ಆಟ ಬಂದದ್ದು 2015ರ ಮೇ 19ಕ್ಕೆ. ‘ಹಾರ್ಟ್ಸ್ ಆಫ್ ಸ್ಟೋನ್’ ಅದೇ ವರ್ಷ ಅಕ್ಟೋಬರ್ 13ಕ್ಕೆ. ‘ಬ್ಲಡ್ ಆಂಡ್ ವೈನ್’ 2016ರ ಮೇ 31ಕ್ಕೆ. ಬಂದ ಹೊತ್ತಿಗೇ ಆಡಿದವರಿಗೆ ನಡುವೆ ತಿಂಗಳುಗಟ್ಟಲೆ ಬಿಡುವು ತಾನಾಗೇ ಸಿಕ್ಕಿತು. ಗೆರಾಲ್ಟ್‌ನನ್ನು ಮರೆತು, ಮತ್ತೆ ನೆನಪು ಮಾಡಿಕೊಂಡು, ಆಸೆಯಿಂದ ವಾಪಸ್ ಬಂದರು. ಇವತ್ತು ಕೊಳ್ಳುವವರಿಗೆ ಮೂರೂ ಒಂದೇ ದಿನ ಕೈಗೆ ಬರುತ್ತವೆ, ಆ ಬಿಡುವು ಮಾತ್ರ ಬರುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. ಮುಖ್ಯ ಕಥೆ ಮುಗಿದ ಮೇಲೆ ಸ್ವಲ್ಪ ದಿನ ಆಟ ಮುಚ್ಚಿಡು, ಬೇರೆ ಏನಾದರೂ ಮಾಡು ಎಂದೆ. ತಮ್ಮನಿಗೆ ಇದು ಹಿಡಿಸಲಿಲ್ಲ. ಸೆಮಿಸ್ಟರ್ ಪರೀಕ್ಷೆಯನ್ನೇ ಆ ಬಿಡುವು ಅಂದುಕೊಳ್ಳಬಹುದಲ್ಲ?

‘ಬ್ಲಡ್ ಆಂಡ್ ವೈನ್’ ವಿಷಯದಲ್ಲಿ ನಾನು ಒಂದಿಂಚೂ ಬಿಟ್ಟುಕೊಡುವುದಿಲ್ಲ. ಅದು ಕೊನೆಗೇ. ಧಾರವಾಡದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಛೇರಿಯಲ್ಲಿ ಭೈರವಿ ಹಾಡಿದ ಮೇಲೆ ಬೇರೆ ರಾಗ ಎತ್ತುವುದಿಲ್ಲ. ಟೂಸಾಂ ಎಂಬ ಬಿಸಿಲಿನ ನಾಡು, ದ್ರಾಕ್ಷಿ ತೋಟಗಳು, ಹಳೆಯ ಗೆಳೆಯ ರೀಜಿಸ್, ಕೊನೆಗೂ ಗೆರಾಲ್ಟ್‌ನಿಗೆ ಅಂತ ಒಂದು ಮನೆ, ಎಲ್ಲವೂ ಬೀಳ್ಕೊಡುಗೆಗೆಂದೇ ಕೂಡಿಸಿದವು. ಕೊರ್ವೊ ಬಿಯಾಂಕೊ ತೋಟದ ಮನೆಗೆ ಕೊನೆಯಲ್ಲಿ ಯಾರೋ ಒಬ್ಬರು ಬರುತ್ತಾರೆ. ಯಾರು ಬರುತ್ತಾರೆ ಅನ್ನುವುದು ಮುಖ್ಯ ಕಥೆಯಲ್ಲಿ ನಾವು ಮಾಡಿದ ಆಯ್ಕೆಗಳ ಮೇಲೆ ನಿಂತಿದೆ. ಸಿರಿಯ ಕಥೆ ಮುಗಿಸದೆ ಅಲ್ಲಿಗೆ ಹೋದರೆ ಆ ಬಾಗಿಲು ತೆರೆದಾಗ ಬರಬೇಕಾದವರೇ ಬರದೆ ಹೋಗಬಹುದು. ಒಂದು ಎಕ್ಸ್‌ಪಾನ್ಷನ್ ಆಗಿದ್ದೂ 2016ರ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ರೋಲ್ ಪ್ಲೇಯಿಂಗ್ ಆಟ ಎಂಬ ಪ್ರಶಸ್ತಿ ಅದಕ್ಕೇ ಬಂತು. ಪೂರ್ತಿ ಆಟಗಳನ್ನು ಹಿಂದಿಕ್ಕಿ ಗೆದ್ದದ್ದು, ನನಗೆ ಇವತ್ತಿಗೂ ಹೆಮ್ಮೆ ಅನಿಸುತ್ತದೆ.

ಊಟ ಮಾಡುವಾಗ ತಮ್ಮ ಇನ್ನೊಂದು ಆಟ ತೆಗೆದ. ಅವನ ರೂಮ್‌ಮೇಟ್ ‘ಸೈಬರ್‌ಪಂಕ್ 2077’ ಆಡುತ್ತಿದ್ದಾನಂತೆ. ಅದಕ್ಕೂ ಇದೇ ಮಾತು ಅನ್ವಯವಾಗುತ್ತದಾ?

ಇಲ್ಲ, ಅಲ್ಲಿ ಪೂರಾ ಉಲ್ಟಾ. ವಿಚರ್ ಮಾಡಿದ ಸಿಡಿ ಪ್ರಾಜೆಕ್ಟ್ ರೆಡ್‌ನವರದೇ ಆಟ. ಆದರೆ 2023ರ ಸೆಪ್ಟೆಂಬರ್ 26ಕ್ಕೆ ಬಂದ ಅದರ ಎಕ್ಸ್‌ಪಾನ್ಷನ್ ‘ಫ್ಯಾಂಟಮ್ ಲಿಬರ್ಟಿ’ಯನ್ನು ಕಥೆಯ ನಡುವೆಯೇ ಆಡಬೇಕು. ವೂಡೂ ಬಾಯ್ಸ್ ಎಂಬ ಗ್ಯಾಂಗ್ ಜೊತೆಗಿನ ‘ಟ್ರಾನ್ಸ್‌ಮಿಷನ್’ ಕ್ವೆಸ್ಟ್ ಮುಗಿದ ಮೇಲೆ ಅದು ಶುರುವಾಗುತ್ತದೆ. ನಾಯಕ ವಿ ಸಾಯುತ್ತಿದ್ದಾನೆ, ಅಥವಾ ಸಾಯುತ್ತಿದ್ದಾಳೆ. ತಲೆಯೊಳಗಿನ ಚಿಪ್ ಅವರನ್ನು ತಿನ್ನುತ್ತಿದೆ. ಆಗ ಸಾಂಗ್‌ಬರ್ಡ್ ಎಂಬುವಳು ಫೋನ್ ಮಾಡಿ, ನಿನ್ನನ್ನು ಉಳಿಸುವ ದಾರಿ ಇದೆ, ನನಗೆ ಒಂದು ಸಹಾಯ ಮಾಡು ಅನ್ನುತ್ತಾಳೆ. ಸಾಯುವವರು ಆ ಮಾತು ಕೇಳಿ ಸುಮ್ನೆ ಇರುತ್ತಾರಾ? ಇಲ್ಲಿ ಎಕ್ಸ್‌ಪಾನ್ಷನ್ ಮುಖ್ಯ ಕಥೆಗೆ ಅಡ್ಡ ಬರುವುದಿಲ್ಲ. ಮುಖ್ಯ ಕಥೆಯಲ್ಲೂ ಇದರಲ್ಲೂ ವಿ ಹುಡುಕುವುದು ಬದುಕುಳಿಯುವ ದಾರಿಯನ್ನೇ. ಇದರಲ್ಲಿ ಮಾಡಿದ ಆಯ್ಕೆಯಿಂದ ಮುಖ್ಯ ಕಥೆಗೇ ಒಂದು ಹೊಸ ಕೊನೆ ಸಿಗುತ್ತದೆ. ಕಥೆ ಮುಗಿಸಿ ಬಂದರೆ ಆಟ ನಮ್ಮನ್ನು ಕೊನೆಯ ಮಿಷನ್‌ನ ಹಿಂದಕ್ಕೆ ತಂದು ನಿಲ್ಲಿಸುತ್ತದೆ. ಸಾವೋ ಬದುಕೋ ತೀರ್ಮಾನ ಆದದ್ದನ್ನು ಕಣ್ಣಾರೆ ನೋಡಿ, ಮತ್ತೆ ಏನೂ ಆಗಿಲ್ಲ ಅನ್ನುವಂತೆ ಈ ಎಕ್ಸ್‌ಪಾನ್ಷನ್ ನಡೆಯುವ ಡಾಗ್‌ಟೌನ್‌ಗೆ ಹೋಗುವುದು ನನಗೆ ಒಗ್ಗುವುದಿಲ್ಲ.

‘ಮಾಸ್ ಎಫೆಕ್ಟ್ 3’ರ ‘ಸಿಟಡೆಲ್’ ಬಗ್ಗೆ ನಮ್ಮಿಬ್ಬರಿಗೂ ಒಮ್ಮತ ಬರಲಿಲ್ಲ. 2012ರ ಆಟ, 2013ರ ಮಾರ್ಚ್‌ನಲ್ಲಿ ಬಂದ ಡಿಎಲ್‌ಸಿ. ಡಿಎಲ್‌ಸಿ ಅಂದರೆ ಆಟಕ್ಕೆ ಆಮೇಲೆ ಸೇರಿಸುವ ಭಾಗ. ನಾಯಕ ಕಮಾಂಡರ್ ಶೆಪರ್ಡ್ ತನ್ನ ಗೆಳೆಯರನ್ನೆಲ್ಲ ಕರೆದು ಪಾರ್ಟಿ ಕೊಡುವ ಕಥೆ. ಸರ್ಬೆರಸ್ ಎಂಬ ವೈರಿ ಸಂಘಟನೆಯ ನೆಲೆಯ ಮೇಲೆ ದಾಳಿಗೆ ಹೊರಡುವ ಮುಂಚೆ ಆಡಬೇಕು ಅನ್ನುವುದು ನನ್ನ ಮಾತು. ಲೋಕ ಸುಡುತ್ತಿರುವಾಗ ಪಾರ್ಟಿ ಏನು, ಸಿರಿಯ ವಿಷಯದಲ್ಲಿ ಬೇಡ ಅಂದವಳು ಇಲ್ಲಿ ಹೇಗೆ ಒಪ್ಪುತ್ತೀ ಎಂದು ತಮ್ಮ ಹಿಡಿದು ಕೇಳಿದ. ಗೆರಾಲ್ಟ್ ಹುಡುಕುತ್ತಿರುವವಳು ಮದುವೆಮನೆಯಲ್ಲಿ ಇಲ್ಲ. ಶೆಪರ್ಡ್ ಯಾರಿಗಾಗಿ ಯುದ್ಧಕ್ಕೆ ಹೋಗುತ್ತಿದ್ದಾನೋ ಅವರೆಲ್ಲ ಆ ಕೋಣೆಯಲ್ಲೇ ಇದ್ದಾರೆ. ನಾಳೆ ಯಾರು ಉಳಿಯುತ್ತಾರೋ ಗೊತ್ತಿಲ್ಲ ಅನ್ನುವ ಹಿಂದಿನ ರಾತ್ರಿ ಜೊತೆಗೆ ಕೂತು ನಗುವುದು ಕಥೆಯನ್ನು ಇನ್ನೂ ಬಿಗಿ ಮಾಡುತ್ತದೆ. ಅವನು ಒಪ್ಪಲಿಲ್ಲ. ಆಡಿ ನೋಡಿ ಆಮೇಲೆ ಜಗಳವಾಡು ಎಂದೆ.

ಕೆಲವು ಆಟಗಳಲ್ಲಿ ಈ ತಲೆನೋವೇ ಇಲ್ಲ. ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ನ ‘ಟ್ರೆಸ್‌ಪಾಸರ್’ ಡಿಎಲ್‌ಸಿ ಮುಖ್ಯ ಕಥೆ ಮುಗಿಯುವವರೆಗೆ ತೆರೆಯುವುದೇ ಇಲ್ಲ. ‘ಎಲ್ಡನ್ ರಿಂಗ್’ನವರು ಬೇರೆ ದಾರಿ ಹಿಡಿದರು. 2024ರ ಜೂನ್‌ನಲ್ಲಿ ಬಂದ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ಗೆ ಹೋಗಬೇಕಾದರೆ ರಾಡಾನ್, ಮೋಗ್ ಎಂಬ ಇಬ್ಬರು ದೊಡ್ಡ ವೈರಿ ಬಾಸ್‌ಗಳನ್ನು ಮೊದಲು ಸೋಲಿಸಬೇಕು. ಅವರನ್ನು ದಾಟಿದವರು ಒಳಗೆ ಬರಲಿ ಅಂತ. ಒಳಗೆ ಹೋದ ಮೇಲೂ ಹಳೆಯ ಲೆವೆಲ್ ಒಂದರಿಂದಲೇ ಕೆಲಸ ನಡೆಯುವುದಿಲ್ಲ. ಅಲ್ಲೇ ಸಿಗುವ ಸ್ಕಾಡುಟ್ರೀ ಚೂರುಗಳನ್ನು ಕೂಡಿಸಿ ಹೊಸ ಶಕ್ತಿ ಗಳಿಸಬೇಕು. ಹೀಗಾಗಿ ಬೇಗ ಬಂದವರಿಗೂ ತಡವಾಗಿ ಬಂದವರಿಗೂ ಒಂದಿಷ್ಟು ಹೊಸ ದುಡಿಮೆ ತಪ್ಪಿದ್ದಲ್ಲ. ಜಾಣ ಕೆಲಸ, ಮೆಚ್ಚಲೇಬೇಕು.

ಸಂಜೆ ಅವನು ಹೊರಡುವ ಮುಂಚೆ ಒಂದಿಷ್ಟು ವಿಷಯ ಅವನ ಫೋನ್‌ನಲ್ಲಿ ಬರೆಸಿದೆ. ಕೊನೆಯ ಕ್ವೆಸ್ಟ್‌ಗೆ ಮುಂಚೆ ಕೈಯಾರೆ ಒಂದು ಸೇವ್ ಮಾಡಿಡು, ಆಟೋಸೇವ್ ನಂಬಬೇಡ. ಈ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗುವುದಿಲ್ಲ. ಗ್ರೇಟರ್ ಮ್ಯೂಟಜೆನ್‌ಗಳನ್ನು ಮಾರಬೇಡ, ‘ಬ್ಲಡ್ ಆಂಡ್ ವೈನ್’ನ ಹೊಸ ಮ್ಯೂಟೇಷನ್‌ಗಳಿಗೆ (ಗೆರಾಲ್ಟ್‌ನ ಹೊಸ ಶಕ್ತಿಗಳು) ಅವು ರಾಶಿಗಟ್ಟಲೆ ಬೇಕಾಗುತ್ತವೆ. ದುಡ್ಡು ಈಗಿನಿಂದಲೇ ಕೂಡಿಸು. ‘ಹಾರ್ಟ್ಸ್ ಆಫ್ ಸ್ಟೋನ್’ನಲ್ಲಿ ಕತ್ತಿ, ಕವಚಗಳಿಗೆ ಮಂತ್ರಾಕ್ಷರ ಕೆತ್ತಿಕೊಡುವ ಓಫಿರ್‌ನವನೊಬ್ಬ ಇದ್ದಾನೆ. ಅವನ ಕೆಲಸ ಪೂರ್ತಿ ತೆರೆಯಲು ಮೊದಲು 5,000, ಆಮೇಲೆ 10,000, ಕೊನೆಗೆ 15,000 ಕ್ರೌನ್ ಕೊಡಬೇಕು. ಒಟ್ಟು 30,000. ಜಾಸ್ತಿ ಅನಿಸಿದರೂ ಕೊಡು, ಅವನು ಕೆತ್ತಿದ್ದು ಟೂಸಾಂವರೆಗೂ ಕೆಲಸಕ್ಕೆ ಬರುತ್ತದೆ.