ಹುಬ್ಬಳ್ಳಿಯ ಸೇವಾದಳ

ಅಕ್ಕನ ಮಗಳು ಶಾಲೆಯಲ್ಲಿ ಭಾರತ ಸೇವಾದಳ ಸೇರಿದ್ದಾಳೆ, ಮಕ್ಕಳಿಗೆ ಶಿಸ್ತು, ಸೇವೆ ಕಲಿಸುವ ಸಂಘಟನೆ ಅದು. ರಾತ್ರಿ ಊಟ ಆದ್ಮೇಲೆ ಧ್ವಜ ಮಡಚೋದು ಹೇಗೆ ಅಂತ ತೋರಿಸಿದಳು. ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿ, "ಚಿಕ್ಕಮ್ಮಾ, ಚಕ್ರ ಮೇಲೇ ಕಾಣಬೇಕು" ಅಂದಳು. ಆಮೇಲೆ ಎರಡೂ ಅಂಗೈ ಮೇಲಿಟ್ಟುಕೊಂಡು ನಿಧಾನಕ್ಕೆ ನಡೆದಳು. ಎಷ್ಟು ಖುಷಿಯಾಯ್ತು!

ಈ ಸೇವಾದಳದ ಬೇರು ನಮ್ಮ ಹುಬ್ಬಳ್ಳಿಯಲ್ಲೇ ಇದೆ. 1923ರಲ್ಲಿ, ಬ್ರಿಟಿಷರ ನಿಷೇಧ ಮೀರಿ ಧ್ವಜ ಹಿಡಿದು ನಡೆಯುವ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿ ಜೈಲು ಸೇರಿದ ಹುಬ್ಬಳ್ಳಿ ಹುಡುಗರು ಕ್ಷಮಾಪಣೆ ಬರೆದುಕೊಡಲು ಒಪ್ಪಲಿಲ್ಲ. ಅವರನ್ನು ಕರೆದೊಯ್ದವರು ಡಾ. ನಾ.ಸು. ಹರ್ಡೀಕರ್. ಅದೇ ವರ್ಷದ ಕೊನೆಗೆ ಕಾಂಗ್ರೆಸ್‌ನ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು, ಇಂದಿನ ಭಾರತ ಸೇವಾದಳದ ಮೂಲ ಅದೇ. ಹರ್ಡೀಕರ್ ಅಮೆರಿಕದಲ್ಲಿ ಓದಿ ಬಂದ ಡಾಕ್ಟರು. ಆರಾಮಾಗಿ ದವಾಖಾನೆ ಇಟ್ಟುಕೊಂಡು ಇರಬಹುದಿತ್ತು, ಅಲ್ವಾ?

ನನ್ನ ಮನಸ್ಸಿಗೆ ಜಾಸ್ತಿ ಹತ್ತಿರದವರು ಉಮಾಬಾಯಿ ಕುಂದಾಪುರ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ದಳದ ಮಹಿಳಾ ವಿಭಾಗ ಕಟ್ಟಿದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನಕ್ಕೆ ಮನೆಮನೆಯಿಂದ ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಹೊರಡಿಸಿದರು. ಆ ಕಾಲದಲ್ಲಿ ಅದು ಸುಮ್ನೆ ಆಗೋ ಮಾತಲ್ಲ.

ಈಗಿನ ಸೇವಾದಳದ ಶಿಬಿರದಲ್ಲಿ ಕವಾಯತು, ಹಾಡು, ಶ್ರಮದಾನ ಎಲ್ಲ ಇರಲಿ. ಜೊತೆಗೆ ಉಮಾಬಾಯಿಯ ಕಥೆಯನ್ನೂ ಹೇಳಲಿ. ಸಾಲಿನ ಮುಂದೆ ನಿಂತು ಆಜ್ಞೆ ಕೊಡುವ ಹುಡುಗಿಗೆ ಅದು ಗೊತ್ತಿರಬೇಕು. ನಮ್ಮ ಹುಡುಗಿಗೆ ಇವತ್ತು ರಾತ್ರಿ ನಾನೇ ಹೇಳ್ತೀನಿ.

ನಿಮ್ಮೂರಿನ ಶಾಲೆಯಲ್ಲಿ ಸೇವಾದಳ ಇದೆಯಾ?